‘ಆದ’ ಮತ್ತು ‘ಆಗಿ’

ಒಂದು ಯೋಗ್ಯತಾಪತ್ರವನ್ನು ಊಹಿಸಿಕೊಳ್ಳೋಣ. ಮೂರು ವರ್ಷ ಮೈಮುರಿದು ದುಡಿದ ತರುಣನೊಬ್ಬ ಬೇರೆ ಊರಿನಲ್ಲಿ ಕೆಲಸಕ್ಕಾಗಿ ಅರ್ಜಿ ಹಾಕಿಕೊಂಡಿದ್ದಾನೆ. ಅವನ ಮೇಲಧಿಕಾರಿ ಒಳ್ಳೆಯ ಮನುಷ್ಯ. ಹುಡುಗನಿಗೆ ಒಳಿತಾಗಲೆಂದು ಹಾರೈಸುವವನು. ‘ಇವನು ಮೂರು ವರ್ಷ ಇಲ್ಲಿ ಕಷ್ಟಪಟ್ಟು ದುಡಿದಿದ್ದಾನೆ’ ಎಂಬ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ಇಂಗ್ಲಿಷಿನಲ್ಲಿ ಬರೆಯುತ್ತಾನೆ: ‘ಹಿ ಹ್ಯಾಸ್ ಹಾರ್ಡ್‌ಲಿ ವರ್ಕ್ಡ್ ಹಿಯರ್ ಫಾರ್ ತ್ರೀ ಇಯರ್ಸ್.’ ದುಡಿಯುವುದು ಕ್ರಿಯೆ, ಕ್ರಿಯೆಗೆ ಕ್ರಿಯಾವಿಶೇಷಣ ಬೇಕು, ಕ್ರಿಯಾವಿಶೇಷಣಕ್ಕೆ ಕೊನೆಯಲ್ಲಿ ‘ಲಿ’ ಬರಬೇಕು ಎಂದು ಶಾಲೆಯಲ್ಲಿ ಕಲಿತದ್ದು ಅವನಿಗೆ ನೆನಪಿದೆ. ನಿಯಮವನ್ನು ಅವನು ಪಾಲಿಸಿದ್ದಾನೆ. ಆದರೆ ವಾಕ್ಯದ ಅರ್ಥ ತಲೆಕೆಳಗಾಗಿದೆ. ‘ಇವನು ಮೂರು ವರ್ಷದಿಂದ ಇಲ್ಲಿ ಕೆಲಸವನ್ನು ಮಾಡಿದ್ದೇ ಇಲ್ಲವೆನ್ನಬೇಕು’ ಎಂದು ಆ ಪತ್ರ ಹೇಳುತ್ತದೆ. ಎರಡಕ್ಷರದ ಒಂದು ಬಾಲದಿಂದ ಹುಡುಗನ ಮೂರು ವರ್ಷದ ಬೆವರು ನೀರಿನ ಪಾಲಾಯಿತು.

ವಿಶೇಷಣ ಮತ್ತು ಕ್ರಿಯಾವಿಶೇಷಣ, ಎಂದರೆ ಇಂಗ್ಲಿಷಿನವರು ಅಡ್ಜೆಕ್ಟಿವ್ ಮತ್ತು ಆಡ್ವರ್ಬ್ ಎಂದು ಕರೆಯುವ ಪದಗಳು, ಪರೀಕ್ಷೆಯಲ್ಲಿ ಎರಡು ಅಂಕ ತರುವ ಪ್ರಶ್ನೆಯಾಗಿ ಮಾತ್ರ ನಮ್ಮಲ್ಲಿ ಅನೇಕರ ನೆನಪಿನಲ್ಲಿ ಉಳಿದಿವೆ. ಅವುಗಳ ಭೇದವನ್ನು ಅರಿಯುವುದು ಅಂಕದ ಮಾತಲ್ಲ, ಅರ್ಥದ ಮಾತು ಎಂಬುದನ್ನು ಈ ಸ್ವಲ್ಪ ಅವಧಿಯಲ್ಲಿ ತಿಳಿಸಲು ಯತ್ನಿಸುತ್ತೇನೆ. ಕನ್ನಡದ ಮೇಷ್ಟರಿಗೆ ಇಂಗ್ಲಿಷ್ ವ್ಯಾಕರಣದ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಈ ತೊಡಕಿನಲ್ಲಿ ಕನ್ನಡಿಗರು ಎಡವುವ ಜಾಗ ಯಾವುದು ಎಂಬುದು ಕನ್ನಡದ ಕಡೆಯಿಂದ ನೋಡಿದವರಿಗೇ ಕಾಣುತ್ತದೆ. ಎಡವದಂತೆ ಹಿಡಿದುಕೊಳ್ಳಲು ಬೇಕಾದ ಊರುಗೋಲೂ ಕನ್ನಡದಲ್ಲಿಯೇ ಇದೆ. ಬಾನುಲಿಯಲ್ಲಿ ಕರಿಹಲಗೆಯಿಲ್ಲ. ಅದು ಕೊರತೆಯೇನೂ ಅಲ್ಲ. ಕಣ್ಣಿಗೆ ಕಾಣುವ ಬಾಲವನ್ನು ನಂಬದೆ ಕಿವಿಗೆ ಕೇಳುವ ಅರ್ಥವನ್ನು ನಂಬಬೇಕು ಎಂಬುದೇ ನಾನು ಹೇಳಬೇಕೆಂದಿರುವ ಮಾತು.

ಮೊದಲು ಹೆಸರುಗಳ ವಿಚಾರ. ಪ್ರಾಚೀನ ಗ್ರೀಕರು ಮಾತಿನ ಅಂಗಗಳನ್ನು ಎಂಟಾಗಿ ವಿಂಗಡಿಸಿದಾಗ ವಿಶೇಷಣಕ್ಕೆ ಪ್ರತ್ಯೇಕವಾದ ಮನೆ ಕಟ್ಟಿಕೊಡಲಿಲ್ಲ. ಅದು ನಾಮಪದದ ಮನೆಯಲ್ಲಿಯೇ ಒಂದು ಕೋಣೆಯಲ್ಲಿತ್ತು. ಕ್ರಿಯಾವಿಶೇಷಣಕ್ಕೆ ಮಾತ್ರ ಬೇರೆ ಹೆಸರು ಕೊಟ್ಟರು. ಕ್ರಿಯಾಪದದ ಮೇಲೆ ಕುಳಿತದ್ದು ಎಂಬಂತಹ ಅರ್ಥ ಆ ಹೆಸರಿಗೆ. ಲ್ಯಾಟಿನ್ ವೈಯಾಕರಣರು ಅದನ್ನೇ ತಮ್ಮ ಭಾಷೆಗೆ ತಿರುಗಿಸಿಕೊಂಡರು. ಅಲ್ಲಿಂದ ಅದು ಇಂಗ್ಲಿಷಿಗೆ ಬಂದಿತು. ಹದಿನೆಂಟನೆಯ ಶತಮಾನದವರೆಗೂ ಇಂಗ್ಲಿಷ್ ವ್ಯಾಕರಣಗಳು ವಿಶೇಷಣವನ್ನು ನಾಮದ ಒಂದು ಬಗೆಯೆಂದೇ ಎಣಿಸುತ್ತಿದ್ದುದುಂಟು. ನಮ್ಮಲ್ಲಿಯೂ ಹಾಗೆಯೇ. ಹದಿಮೂರನೆಯ ಶತಮಾನದ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ನಾಮಕ್ಕೆ ಒಂದು ಪ್ರಕರಣವಿದೆ, ಆಖ್ಯಾತಕ್ಕೆ ಒಂದಿದೆ, ಅವ್ಯಯಕ್ಕೆ ಒಂದಿದೆ. ವಿಶೇಷಣಕ್ಕೆಂದೇ ಮೀಸಲಾದ ಪ್ರಕರಣವಿಲ್ಲ. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ವಿಶೇಷಣವೆಂಬುದು ತನ್ನಷ್ಟಕ್ಕೆ ತಾನೇ ನಿಲ್ಲುವ ಪದವಲ್ಲ. ನಾಮವನ್ನು ಆತುಕೊಂಡು ನಿಲ್ಲುವುದು. ಕ್ರಿಯಾವಿಶೇಷಣವೂ ಆತು ನಿಲ್ಲುವ ಪದವೇ, ಆದರೆ ಅದು ಆತುಕೊಳ್ಳುವ ಗೋಡೆ ಬೇರೆ. ಎರಡೂ ಬಳ್ಳಿಗಳೇ ಎಂದು ಬೇಕಾದರೆ ಹೇಳಬಹುದು. ಬಳ್ಳಿ ಯಾವುದೆಂದು ತಿಳಿಯಬೇಕಾದರೆ ಎಲೆಯನ್ನು ನೋಡಿದರೆ ಸಾಲದು. ಅದು ಯಾವ ಮರವನ್ನು ತಬ್ಬಿದೆ ಎಂದು ನೋಡಬೇಕು.

ನಮ್ಮ ಭಾಷೆಯಲ್ಲಿ ಈ ಆಸರೆ ಮಾತಿನ ಮೈಮೇಲೆಯೇ ಕಾಣುತ್ತದೆ. ‘ಆಗು’ ಎಂಬ ಒಂದೇ ಧಾತುವಿಗೆ ‘ಆದ’ ಮತ್ತು ‘ಆಗಿ’ ಎಂಬ ಎರಡು ಮಕ್ಕಳು. ‘ಸುಂದರವಾದ’ ಎಂದೊಡನೆ ಕಿವಿ ಒಂದು ನಾಮಪದಕ್ಕಾಗಿ ಕಾಯುತ್ತದೆ: ಸುಂದರವಾದ ಹೂವು, ಸುಂದರವಾದ ಮಾತು. ‘ಸುಂದರವಾಗಿ’ ಎಂದೊಡನೆ ಕ್ರಿಯಾಪದಕ್ಕಾಗಿ ಕಾಯುತ್ತದೆ: ಸುಂದರವಾಗಿ ಹಾಡಿದಳು, ಸುಂದರವಾಗಿ ಬರೆದನು. ಓದು ಬಾರದ ಹಳ್ಳಿಯ ಮುದುಕಿಯೂ ಈ ಎರಡನ್ನು ಅದಲುಬದಲು ಮಾಡುವುದಿಲ್ಲ. ‘ಮೆಲ್ಲನೆಯ’ ಮತ್ತು ‘ಮೆಲ್ಲಗೆ’, ‘ತಣ್ಣನೆಯ’ ಮತ್ತು ‘ತಣ್ಣಗೆ’ ಎಂಬ ಜೋಡಿಗಳೂ ಹೀಗೆಯೇ. ಆದುದರಿಂದ ಇಂಗ್ಲಿಷ್ ವಾಕ್ಯವೊಂದರಲ್ಲಿ ಸಂದೇಹ ಬಂದಾಗ ಅದನ್ನು ಕನ್ನಡಕ್ಕೆ ತಿರುಗಿಸಿ, ‘ಆದ’ ಬರುತ್ತದೆಯೋ ‘ಆಗಿ’ ಬರುತ್ತದೆಯೋ ನೋಡುವುದು ಒಳ್ಳೆಯ ಉಪಾಯ. ಹತ್ತರಲ್ಲಿ ಎಂಟು ಸಲ ಇದು ಕೈಬಿಡುವುದಿಲ್ಲ. ಉಳಿದ ಎರಡು ಸಲದ ಮಾತನ್ನು ಮುಂದೆ ಹೇಳುತ್ತೇನೆ. ಈ ವಿಷಯದ ನಿಜವಾದ ಸ್ವಾರಸ್ಯ ಇರುವುದು ಅಲ್ಲಿಯೇ.

ಪುಸ್ತಕಪ್ರಿಯರಿಗೆ ಪರಿಚಯವಿರುವ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಪ್ರಕಾಶಕನೊಬ್ಬ ಒಬ್ಬ ಕವಿಯ ಕೃತಿಗಳನ್ನು ‘ಎ ಕಂಪ್ಲೀಟ್ ನ್ಯೂ ಎಡಿಷನ್’ ಎಂದು ಪ್ರಕಟಿಸುತ್ತಾನೆ. ಇನ್ನೊಬ್ಬ ‘ಎ ಕಂಪ್ಲೀಟ್‌ಲಿ ನ್ಯೂ ಎಡಿಷನ್’ ಎಂದು ಪ್ರಕಟಿಸುತ್ತಾನೆ. ಮೊದಲನೆಯದರಲ್ಲಿ ‘ಕಂಪ್ಲೀಟ್’ ಎಂಬುದು ಎಡಿಷನ್ ಎಂಬ ನಾಮವನ್ನು ಆತುಕೊಂಡಿದೆ: ಸಂಪೂರ್ಣವಾದ, ಹೊಸದಾದ ಆವೃತ್ತಿ. ಕವಿಯ ಒಂದು ಪದ್ಯವನ್ನೂ ಬಿಟ್ಟಿಲ್ಲವೆಂದು ಪ್ರಕಾಶಕ ಭರವಸೆ ಕೊಡುತ್ತಿದ್ದಾನೆ. ಎರಡನೆಯದರಲ್ಲಿ ‘ಕಂಪ್ಲೀಟ್‌ಲಿ’ ಎಂಬುದು ‘ಹೊಸ’ ಎಂಬ ವಿಶೇಷಣವನ್ನು ಆತುಕೊಂಡಿದೆ: ಸಂಪೂರ್ಣವಾಗಿ ಹೊಸದಾದ ಆವೃತ್ತಿ. ಇದರಲ್ಲಿ ಅರ್ಧಕ್ಕರ್ಧ ಪದ್ಯಗಳನ್ನು ಕೈಬಿಟ್ಟಿದ್ದರೂ ಪ್ರಕಾಶಕ ಸುಳ್ಳು ಹೇಳಿದಂತಾಗುವುದಿಲ್ಲ. ಹಣ ಕೊಟ್ಟು ಕೊಳ್ಳುವವರು ಆ ‘ಲಿ’ಯನ್ನು ಗಮನಿಸಿ ಕೊಳ್ಳುವುದು ಕ್ಷೇಮ.

ಈ ಉದಾಹರಣೆಯಿಂದ ಇನ್ನೊಂದು ಅಂಶವೂ ತಿಳಿಯುತ್ತದೆ. ಆಡ್ವರ್ಬ್ ಎಂಬುದನ್ನು ನಾವು ಕ್ರಿಯಾವಿಶೇಷಣವೆಂದು ಕರೆಯುತ್ತೇವೆ. ಆದರೆ ಅದು ಕ್ರಿಯೆಯನ್ನು ಮಾತ್ರ ಆತುಕೊಳ್ಳುವುದಿಲ್ಲ. ವಿಶೇಷಣವನ್ನೂ, ಇನ್ನೊಂದು ಕ್ರಿಯಾವಿಶೇಷಣವನ್ನೂ, ಕೆಲವು ಸಲ ಇಡೀ ವಾಕ್ಯವನ್ನೂ ಅದು ಆತುಕೊಳ್ಳಬಹುದು. ನಾಮವನ್ನು ಆತದ್ದು ವಿಶೇಷಣ, ಉಳಿದದ್ದನ್ನು ಆತದ್ದು ಕ್ರಿಯಾವಿಶೇಷಣ ಎಂಬ ಸ್ಥೂಲವಾದ ಗೆರೆಯನ್ನು ಎಳೆದುಕೊಂಡರೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಎಲ್ಲಿಯೂ ಸೇರದ ಪದಗಳನ್ನು ವೈಯಾಕರಣರು ಈ ಕೋಣೆಗೆ ತುಂಬುತ್ತ ಬಂದಿದ್ದಾರೆ. ೧೯೮೫ರಲ್ಲಿ ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು ಹೊರತಂದ ಬೃಹತ್ ಇಂಗ್ಲಿಷ್ ವ್ಯಾಕರಣವೂ ಸಾಂಪ್ರದಾಯಿಕ ಪದವರ್ಗಗಳಲ್ಲೆಲ್ಲ ಕ್ರಿಯಾವಿಶೇಷಣವೇ ಅತ್ಯಂತ ಮಸುಕಾದ ವರ್ಗವೆಂದು ಒಪ್ಪಿಕೊಂಡಿದೆ. ಹೀಗಿರುವಲ್ಲಿ ನಮ್ಮ ವಿದ್ಯಾರ್ಥಿಗಳು ತಬ್ಬಿಬ್ಬಾದರೆ ಅವರನ್ನು ಬಯ್ಯುವುದು ನ್ಯಾಯವಲ್ಲ.

ಇನ್ನು ಆ ‘ಲಿ’ ಎಂಬ ಬಾಲದ ಚರಿತ್ರೆ. ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಲಿಚ್’ ಎಂಬಂತೆ ನುಡಿಯುತ್ತಿದ್ದ ಒಂದು ಪದವಿತ್ತು. ದೇಹ, ರೂಪ ಎಂದು ಅದರ ಅರ್ಥ. ಅದನ್ನು ನಾಮದ ಕೊನೆಗೆ ಸೇರಿಸಿದರೆ ‘ಆ ರೂಪದ’ ಎಂಬರ್ಥದ ವಿಶೇಷಣವಾಗುತ್ತಿತ್ತು. ಗೆಳೆಯನ ರೂಪದ್ದು ಫ್ರೆಂಡ್‌ಲಿ, ಹೇಡಿಯ ರೂಪದ್ದು ಕವರ್ಡ್‌ಲಿ. ಅಂದರೆ ಮೊದಲು ‘ಲಿ’ ವಿಶೇಷಣದ ಗುರುತೇ ಆಗಿತ್ತು. ಹಾಗಾದರೆ ಆಗ ಕ್ರಿಯಾವಿಶೇಷಣವನ್ನು ಹೇಗೆ ಮಾಡುತ್ತಿದ್ದರು? ವಿಶೇಷಣದ ಕೊನೆಗೆ ಒಂದು ‘ಎ’ಕಾರವನ್ನು ಸೇರಿಸುತ್ತಿದ್ದರು. ಗಟ್ಟಿಯಾದ ಎಂಬುದಕ್ಕೆ ಇಂದಿನ ‘ಹಾರ್ಡ್’ ಪದದ ಹಳೆಯ ರೂಪ. ಗಟ್ಟಿಯಾಗಿ ಎಂಬುದಕ್ಕೆ ಅದರ ಮೇಲೊಂದು ‘ಎ’ಕಾರ. ನಮ್ಮ ‘ಆದ’, ‘ಆಗಿ’ಗಳಂತೆಯೇ ಆ ಭೇದವೂ ಕಿವಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ಕಾಲಕ್ರಮದಲ್ಲಿ, ಹದಿನೈದನೆಯ ಶತಮಾನ ಕಳೆಯುವ ವೇಳೆಗೆ, ಪದದ ಕೊನೆಯ ಆ ‘ಎ’ಕಾರ ಇಂಗ್ಲಿಷಿನ ಬಾಯಿಂದ ಉದುರಿಹೋಯಿತು. ಅದು ಉದುರಿದ ಮೇಲೆ ವಿಶೇಷಣವಾದ ‘ಹಾರ್ಡ್’ ಮತ್ತು ಕ್ರಿಯಾವಿಶೇಷಣವಾದ ‘ಹಾರ್ಡ್’ ಎರಡೂ ಒಂದೇ ವೇಷ ತೊಟ್ಟು ನಿಂತವು. ಭೇದವನ್ನು ಉಳಿಸಿಕೊಳ್ಳಬೇಕೆಂಬ ಒತ್ತಾಯದಿಂದ ‘ಲಿ’ ಎಂಬ ಬಾಲವೇ ಮೆಲ್ಲಮೆಲ್ಲನೆ ಕ್ರಿಯಾವಿಶೇಷಣದ ಗುರುತಾಗಿ ಬೆಳೆಯಿತು. ಆದರೆ ತನ್ನ ಹಳೆಯ ಉದ್ಯೋಗವನ್ನೂ ಅದು ಪೂರ್ತಿಯಾಗಿ ಬಿಡಲಿಲ್ಲ.

ಇಂಗ್ಲಿಷ್ ಕಲಿಯುವವರನ್ನು ಕಾಡುವ ಗೊಂದಲದ ಬೇರು ಇದು. ‘ಸ್ಲೋಲಿ’, ‘ಕ್ವಿಕ್‌ಲಿ’, ‘ವೈಸ್‌ಲಿ’ ಕ್ರಿಯಾವಿಶೇಷಣಗಳು. ‘ಫ್ರೆಂಡ್‌ಲಿ’, ‘ಕವರ್ಡ್‌ಲಿ’, ‘ಕಾಸ್ಟ್‌ಲಿ’, ‘ಲವ್‌ಲಿ’ ವಿಶೇಷಣಗಳು. ಬಾಲ ಒಂದೇ, ಕುಲ ಬೇರೆ. ಇಲ್ಲಿ ಒಂದು ಸುಲಭವಾದ ಉಪಾಯವಿದೆ. ಬಾಲವನ್ನು ಕತ್ತರಿಸಿ ಉಳಿದ ಮೊಂಡವನ್ನು ನೋಡಬೇಕು. ಉಳಿದದ್ದು ವಿಶೇಷಣವಾದರೆ, ಬಾಲ ಸೇರಿದಾಗ ಅದು ಬಹುಮಟ್ಟಿಗೆ ಕ್ರಿಯಾವಿಶೇಷಣ. ಉಳಿದದ್ದು ನಾಮವಾದರೆ ಬಹುಮಟ್ಟಿಗೆ ವಿಶೇಷಣ. ‘ಸ್ಲೋ’ ವಿಶೇಷಣ, ಆದುದರಿಂದ ‘ಸ್ಲೋಲಿ’ ಕ್ರಿಯಾವಿಶೇಷಣ. ‘ಫ್ರೆಂಡ್’ ನಾಮ, ಆದುದರಿಂದ ‘ಫ್ರೆಂಡ್‌ಲಿ’ ವಿಶೇಷಣ. ‘ಹಿ ಸ್ಪೋಕ್ ಫ್ರೆಂಡ್‌ಲಿ’ ಎಂದು ಬರೆಯುವವರಿದ್ದಾರೆ, ಅದು ಸಲ್ಲದು. ‘ಇನ್ ಎ ಫ್ರೆಂಡ್‌ಲಿ ವೇ’ ಎಂದು ಸುತ್ತಿ ಬಳಸಿ ಹೇಳಬೇಕಾಗುತ್ತದೆ. ‘ಡೈಲಿ’, ‘ವೀಕ್ಲಿ’, ‘ಅರ್ಲಿ’ ಮೊದಲಾದ ಕೆಲವು ಪದಗಳು ಮಾತ್ರ ಎರಡೂ ಮನೆಗಳಲ್ಲಿ ಊಟ ಮಾಡುತ್ತವೆ. ‘ಡೈಲಿ ಪೇಪರ್’ ಎಂದಾಗ ವಿಶೇಷಣ. ಆ ಪೇಪರು ‘ಕಮ್ಸ್ ಡೈಲಿ’ ಎಂದಾಗ ಕ್ರಿಯಾವಿಶೇಷಣ.

ಬಾಲವಿದ್ದೂ ಕ್ರಿಯಾವಿಶೇಷಣವಲ್ಲದವುಗಳು ಇರುವಂತೆ ಬಾಲವಿಲ್ಲದೆಯೇ ಕ್ರಿಯಾವಿಶೇಷಣವಾದವುಗಳೂ ಇವೆ. ‘ಎ ಫಾಸ್ಟ್ ಟ್ರೈನ್’ ಎಂಬಲ್ಲಿ ‘ಫಾಸ್ಟ್’ ವಿಶೇಷಣ. ‘ದಿ ಟ್ರೈನ್ ರನ್ಸ್ ಫಾಸ್ಟ್’ ಎಂಬಲ್ಲಿ ಕ್ರಿಯಾವಿಶೇಷಣ. ‘ಫಾಸ್ಟ್‌ಲಿ’ ಎಂಬ ರೂಪ ಇಂದಿನ ಇಂಗ್ಲಿಷಿನಲ್ಲಿ ಸಲ್ಲುವುದಿಲ್ಲ. ನಮ್ಮ ರಸ್ತೆಗಳ ತಿರುವಿನಲ್ಲಿ ‘ಗೋ ಸ್ಲೋ’ ಎಂಬ ಫಲಕವನ್ನು ಕಂಡು, ‘ಸ್ಲೋಲಿ ಎಂದಿರಬೇಕಾಗಿತ್ತು, ಬರೆದವನಿಗೆ ವ್ಯಾಕರಣ ಬಾರದು’ ಎಂದು ನಗುವ ವಿದ್ಯಾವಂತರು ಉಂಟು. ಫಲಕ ಬರೆದವನ ತಪ್ಪೇನೂ ಇಲ್ಲ. ಅಲ್ಲಿರುವ ‘ಸ್ಲೋ’ ಹಳೆಯ ‘ಎ’ಕಾರವನ್ನು ಕಳೆದುಕೊಂಡ ಕುಲೀನ ಕ್ರಿಯಾವಿಶೇಷಣ, ಷೇಕ್ಸ್‌ಪಿಯರನೂ ಅದನ್ನು ಬಳಸಿದ್ದಾನೆ. ಈ ಪದಗಳ ಮೇಲೆ ಸಂಶಯ ಹುಟ್ಟಿದ್ದು ಹದಿನೆಂಟನೆಯ ಶತಮಾನದಲ್ಲಿ. ಮುಂದೆ ಲಂಡನ್ನಿನ ಬಿಷಪ್ ಆದ ರಾಬರ್ಟ್ ಲೌತ್ ೧೭೬೨ರಲ್ಲಿ ಪ್ರಕಟಿಸಿದ ತನ್ನ ವ್ಯಾಕರಣದಲ್ಲಿ ವಿಶೇಷಣಗಳನ್ನು ಕ್ರಿಯಾವಿಶೇಷಣಗಳಂತೆ ಬಳಸುವುದು ಉಚಿತವಲ್ಲವೆಂದು ಹೇಳಿ, ತನಗಿಂತ ಹಿಂದಿನ ದೊಡ್ಡ ಲೇಖಕರಿಂದಲೇ ತಪ್ಪುಗಳನ್ನು ಹೆಕ್ಕಿ ತೋರಿಸಿದನು. ೧೭೯೫ರಲ್ಲಿ ಬಂದ ಲಿಂಡ್ಲಿ ಮರ‍್ರೆಯ ವ್ಯಾಕರಣ ಶಾಲೆ ಶಾಲೆಗಳಿಗೆ ಹೋಗಿ ಲೌತನ ಅಭಿಪ್ರಾಯಗಳನ್ನು ಹಬ್ಬಿಸಿತು. ಅದೇ ಪರಂಪರೆಯ ಪುಸ್ತಕಗಳು ನಮ್ಮ ದೇಶದ ಶಾಲೆಗಳಿಗೂ ಬಂದವು. ಇಂಗ್ಲಿಷಿನ ನೆರೆಯ ನಂಟನಾದ ಜರ್ಮನ್ ಭಾಷೆಯಲ್ಲಿ ಇಂದಿಗೂ ವಿಶೇಷಣವನ್ನೇ ಯಾವ ಬಾಲವೂ ಇಲ್ಲದೆ ಕ್ರಿಯಾವಿಶೇಷಣವಾಗಿ ಬಳಸುತ್ತಾರೆ. ಅಲ್ಲಿಯ ಜನ ಅರ್ಥಕ್ಕಾಗಿ ಪರದಾಡುವುದಿಲ್ಲ.

ಹಾಗೆಂದು ಬಾಲವನ್ನು ಇಚ್ಛೆ ಬಂದಂತೆ ಹಚ್ಚಲೂ ಕಳಚಲೂ ಇಂಗ್ಲಿಷ್ ಒಪ್ಪುವುದಿಲ್ಲ. ಎಷ್ಟೋ ಕಡೆ ಬಾಲವಿಲ್ಲದ ರೂಪ ಒಂದು ಅರ್ಥವನ್ನೂ ಬಾಲವಿರುವ ರೂಪ ಮತ್ತೊಂದು ಅರ್ಥವನ್ನೂ ಹಂಚಿಕೊಂಡು ಮನೆ ಪಾಲಾಗಿವೆ. ‘ಹಾರ್ಡ್’ ಎಂದರೆ ಕಷ್ಟಪಟ್ಟು. ‘ಹಾರ್ಡ್‌ಲಿ’ ಎಂದರೆ ಇಲ್ಲವೆನ್ನುವಷ್ಟು ಕಡಿಮೆ. ‘ಲೇಟ್’ ಎಂದರೆ ತಡವಾಗಿ. ‘ಲೇಟ್‌ಲಿ’ ಎಂದರೆ ಇತ್ತೀಚೆಗೆ. ‘ನಿಯರ್’ ಎಂದರೆ ಹತ್ತಿರ. ‘ನಿಯರ್‌ಲಿ’ ಎಂದರೆ ಹೆಚ್ಚು ಕಡಿಮೆ. ‘ಹೈ’ ಎಂದರೆ ಮೇಲೆ, ಎತ್ತರದಲ್ಲಿ. ‘ಹೈಲಿ’ ಎಂದರೆ ಬಹಳವಾಗಿ. ಹದ್ದು ಹಾರುವುದು ‘ಹೈ’. ವಿದ್ವಾಂಸನನ್ನು ಗೌರವಿಸುವುದು ‘ಹೈಲಿ’. ಮೊದಲು ಊಹಿಸಿಕೊಂಡ ಯೋಗ್ಯತಾಪತ್ರದಲ್ಲಿ ಆದ ಅನರ್ಥಕ್ಕೆ ಕಾರಣ ಈ ಮನೆಪಾಲು. ಈ ಜೋಡಿಗಳಿಗೆ ಉಪಾಯವೇನೂ ಇಲ್ಲ. ಹತ್ತು ಹನ್ನೆರಡು ಇವೆ, ಅವನ್ನು ನೆಂಟರ ಹೆಸರುಗಳಂತೆ ಒಂದೊಂದಾಗಿ ಗುರುತಿಟ್ಟುಕೊಳ್ಳಬೇಕು.

ಈಗ ಹತ್ತರಲ್ಲಿ ಎರಡು ಸಲ ಕೈಕೊಡುತ್ತದೆಯೆಂದು ಹೇಳಿದ ‘ಆದ’, ‘ಆಗಿ’ಗಳ ಉಪಾಯಕ್ಕೆ ಮರಳೋಣ. ‘ಅವಳು ಸುಂದರವಾಗಿ ಹಾಡುತ್ತಾಳೆ’, ‘ಅವಳು ಸುಂದರವಾಗಿ ಕಾಣುತ್ತಾಳೆ’ ಎಂಬ ಎರಡು ವಾಕ್ಯಗಳನ್ನು ನೋಡಿ. ಕನ್ನಡದಲ್ಲಿ ಎರಡೂ ಕಡೆ ‘ಆಗಿ’ ಬಂದಿದೆ. ಇದನ್ನು ನಂಬಿ ನಮ್ಮ ವಿದ್ಯಾರ್ಥಿ ಎರಡು ಕಡೆಯೂ ‘ಬ್ಯೂಟಿಫುಲಿ’ ಎಂದು ಬರೆಯುತ್ತಾನೆ. ಮೊದಲನೆಯದು ಸರಿ, ಎರಡನೆಯದು ತಪ್ಪು. ‘ಷಿ ಸಿಂಗ್ಸ್ ಬ್ಯೂಟಿಫುಲಿ’ ಎನ್ನಬೇಕು; ಆದರೆ ‘ಷಿ ಲುಕ್ಸ್ ಬ್ಯೂಟಿಫುಲ್’ ಎನ್ನಬೇಕು. ‘ಅಡುಗೆ ಚೆನ್ನಾಗಿದೆ’ ಎಂಬಲ್ಲಿಯೂ ಇದೇ ತೊಡಕು. ‘ಚೆನ್ನಾಗಿ’ ಎಂಬುದನ್ನು ಕಂಡು ‘ದಿ ಫುಡ್ ಈಸ್ ವೆಲ್’ ಎಂದುಬಿಟ್ಟರೆ, ಕಾಯಿಲೆಯಾಗಿದ್ದ ಅಡುಗೆ ಈಗ ಗುಣವಾಗಿದೆ ಎಂದು ಹೇಳಿದಂತಾಗುತ್ತದೆ. ‘ದಿ ಫುಡ್ ಈಸ್ ಗುಡ್’ ಎನ್ನಬೇಕು. ಕಾರಣ ಇಷ್ಟೆ: ಗುಣವನ್ನು ವಾಕ್ಯದ ಕೊನೆಯಲ್ಲಿಟ್ಟು ಹೇಳಬೇಕಾದಾಗ ಕನ್ನಡ ಹಲವೊಮ್ಮೆ ‘ಆಗಿ’ ಎಂಬುದಕ್ಕೆ ‘ಇರು’ ಧಾತುವನ್ನು ಕೂಡಿಸಿಕೊಳ್ಳುತ್ತದೆ. ‘ಸುಂದರವಾದ ಹೂವು’ ಎನ್ನುವ ನಾವೇ ‘ಹೂವು ಸುಂದರವಾಗಿದೆ’ ಎನ್ನುತ್ತೇವೆ. ಆ ಎರಡನೆಯ ವಾಕ್ಯದಲ್ಲಿ ‘ಆಗಿ’ ಎಂಬುದು ಕ್ರಿಯೆಯ ರೀತಿಯನ್ನು ಹೇಳುತ್ತಿಲ್ಲ, ಹೂವಿನ ಗುಣವನ್ನೇ ಹೇಳುತ್ತಿದೆ. ವೇಷ ಕ್ರಿಯಾವಿಶೇಷಣದ್ದು, ಕೆಲಸ ವಿಶೇಷಣದ್ದು.

ಕಾಣುವುದು, ಕೇಳಿಸುವುದು, ರುಚಿಸುವುದು, ಮೂಗಿಗೆ ವಾಸನೆ ಬಡಿಯುವುದು, ಮನಸ್ಸಿಗೆ ಅನ್ನಿಸುವುದು, ಹಾಗೆಯೇ ಆಗುವುದು, ಉಳಿಯುವುದು: ಇಂತಹ ಅರ್ಥದ ಇಂಗ್ಲಿಷ್ ಕ್ರಿಯಾಪದಗಳು ಬಂದಾಗಲೆಲ್ಲ ಎಚ್ಚರವಾಗಿರಬೇಕು. ಇವು ಕೆಲಸವನ್ನು ಹೇಳುವ ಕ್ರಿಯಾಪದಗಳಲ್ಲ. ವಸ್ತುವಿಗೂ ಅದರ ಗುಣಕ್ಕೂ ನಡುವೆ ಹಾಕಿದ ಸೇತುವೆಗಳು. ಸೇತುವೆಯ ಆಚೆ ದಡದಲ್ಲಿ ನಿಂತ ಗುಣ ಈಚೆ ದಡದ ನಾಮಕ್ಕೇ ಸೇರಿದ್ದು. ಇದನ್ನು ಪರೀಕ್ಷಿಸಲು, ಆ ಕ್ರಿಯಾಪದವನ್ನು ತೆಗೆದು ಅಲ್ಲಿ ‘ಇದೆ’ ಅಥವಾ ‘ಇದ್ದಾಳೆ’ ಎಂದು ಇಟ್ಟುನೋಡಿ. ‘ಕಾಫಿ ಕಹಿಯಾಗಿ ಹತ್ತಿತು’ ಎಂಬುದು ‘ಕಾಫಿ ಕಹಿಯಾಗಿದೆ’ ಎಂದಾದರೆ ಅರ್ಥ ಕೆಡುವುದಿಲ್ಲ. ಇಂಗ್ಲಿಷಿನಲ್ಲಿ ‘ಬಿಟರ್’ ಎಂಬ ವಿಶೇಷಣವೇ ಬರಬೇಕು. ‘ಅವಳು ಸುಂದರವಾಗಿ ಹಾಡುತ್ತಾಳೆ’ ಎಂಬುದನ್ನು ‘ಅವಳು ಸುಂದರವಾಗಿದ್ದಾಳೆ’ ಎಂದು ಮಾಡಿದರೆ ಕಂಠದ ಹೊಗಳಿಕೆ ಮುಖದ ಹೊಗಳಿಕೆಯಾಗಿಬಿಡುತ್ತದೆ. ಅರ್ಥ ಕೆಟ್ಟಿತು, ಆದುದರಿಂದ ಅಲ್ಲಿ ಕ್ರಿಯಾವಿಶೇಷಣವೇ ಇರಬೇಕು.

ಒಂದೇ ಕ್ರಿಯಾಪದ ಒಮ್ಮೆ ಸೇತುವೆಯಾಗಿ, ಇನ್ನೊಮ್ಮೆ ಕೆಲಸವಾಗಿ ಬರುವುದೂ ಉಂಟು. ‘ದಿ ಡಾಕ್ಟರ್ ಫೆಲ್ಟ್ ಅನ್‌ಈಸಿ’ ಎಂದರೆ ವೈದ್ಯನಿಗೆ ಕಳವಳವಾಯಿತು. ಗುಣ ವೈದ್ಯನದು, ಪದ ವಿಶೇಷಣ. ‘ದಿ ಡಾಕ್ಟರ್ ಫೆಲ್ಟ್ ದಿ ಪಲ್ಸ್ ಕೇರ್‌ಫುಲಿ’ ಎಂದರೆ ವೈದ್ಯ ಎಚ್ಚರಿಕೆಯಿಂದ ನಾಡಿ ಹಿಡಿದು ನೋಡಿದ. ಎಚ್ಚರಿಕೆ ಹಿಡಿದು ನೋಡುವ ಕೆಲಸದ್ದು, ಪದ ಕ್ರಿಯಾವಿಶೇಷಣ. ಕರ್ಮಪದದ ವಿಷಯದಲ್ಲಿಯೂ ಹೀಗೆಯೇ. ‘ಷಿ ಫೌಂಡ್ ದಿ ಆನ್ಸರ್ ಈಸಿಲಿ’ ಎಂದರೆ ಅವಳು ಉತ್ತರವನ್ನು ಸುಲಭವಾಗಿ ಕಂಡುಹಿಡಿದಳು. ‘ಷಿ ಫೌಂಡ್ ದಿ ಆನ್ಸರ್ ಈಸಿ’ ಎಂದರೆ ಉತ್ತರ ಅವಳಿಗೆ ಸುಲಭವೆನಿಸಿತು. ಮೊದಲನೆಯದರಲ್ಲಿ ಸುಲಭವಾದದ್ದು ಹುಡುಕುವ ಕೆಲಸ, ಎರಡನೆಯದರಲ್ಲಿ ಉತ್ತರವೇ. ಉತ್ತರ ಅತಿ ಕಠಿಣವಾಗಿದ್ದರೂ ಜಾಣೆಯೊಬ್ಬಳು ಅದನ್ನು ಸುಲಭವಾಗಿ ಕಂಡುಹಿಡಿಯಬಹುದಲ್ಲವೆ?

ಈ ‘ಆಗಿ’ಯ ಗೊಂದಲವನ್ನು ಬಿಡಿಸಿಕೊಳ್ಳುವ ಕೀಲಿಯನ್ನೂ ಕನ್ನಡ ತನ್ನ ಸೆರಗಿನಲ್ಲಿಯೇ ಕಟ್ಟಿಕೊಂಡಿದೆ. ‘ಅವನು ಶಾಂತವಾಗಿ ಮಾತನಾಡಿದನು’ ಎನ್ನುತ್ತೇವೆ. ‘ಅವನು ಶಾಂತನಾಗಿ ಕಂಡನು’ ಎನ್ನುತ್ತೇವೆ. ‘ಶಾಂತವಾಗಿ’ ಎಂಬುದು ಮಾತಿನ ರೀತಿ. ‘ಶಾಂತನಾಗಿ’ ಎಂಬುದರಲ್ಲಿ ಆ ‘ನ’ಕಾರ ಪುರುಷನನ್ನೇ ಬೆರಳು ಮಾಡಿ ತೋರಿಸುತ್ತದೆ. ಹೆಂಗಸಾದರೆ ‘ಶಾಂತಳಾಗಿ’, ಹಲವರಾದರೆ ‘ಶಾಂತರಾಗಿ’. ಲಿಂಗವಚನಗಳನ್ನು ಧರಿಸಿ ಬಂದ ‘ಆಗಿ’ ವ್ಯಕ್ತಿಗೆ ಸೇರಿದ್ದು. ಧರಿಸದೆ ಬಂದ ‘ಆಗಿ’ ಸಾಮಾನ್ಯವಾಗಿ ಕ್ರಿಯೆಗೆ ಸೇರಿದ್ದು. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ ‘ಕಾಮ್’, ಎರಡನೆಯದಕ್ಕೆ ‘ಕಾಮ್‌ಲಿ’. ಜನರ ವಿಷಯವಾಗಿ ಬರೆಯುವಾಗ ಈ ಒಂದು ಕೀಲಿಯೇ ಸಾಕು. ವಸ್ತುಗಳ ವಿಷಯವಾಗಿ ಬರೆಯುವಾಗ ‘ವಾಗಿ’ ಎಂಬ ರೂಪ ಎರಡಕ್ಕೂ ಒಂದೇ ಆಗುವುದರಿಂದ ಹಿಂದೆ ಹೇಳಿದ ‘ಇದೆ’ ಎಂಬ ಪರೀಕ್ಷೆಯನ್ನು ಬಳಸಿಕೊಳ್ಳಬೇಕು.

ಕ್ರಿಯಾವಿಶೇಷಣ ಇಡೀ ವಾಕ್ಯವನ್ನೇ ಆತು ನಿಲ್ಲುವ ಒಂದು ಬಗೆಯನ್ನೂ ನೋಡಿಬಿಡೋಣ. ‘ಹಿ ಡಿಡ್ ನಾಟ್ ಸ್ಪೀಕ್ ವೈಸ್‌ಲಿ’ ಎಂದರೆ ಅವನು ಮಾತನಾಡಿದ, ಆದರೆ ವಿವೇಕದಿಂದ ಮಾತನಾಡಲಿಲ್ಲ. ‘ವೈಸ್‌ಲಿ, ಹಿ ಡಿಡ್ ನಾಟ್ ಸ್ಪೀಕ್’ ಎಂದರೆ ಅವನು ಬಾಯಿ ತೆರೆಯಲಿಲ್ಲ, ತೆರೆಯದಿದ್ದದ್ದೇ ವಿವೇಕ. ಪದ ಬದಲಾಗಲಿಲ್ಲ, ರೂಪ ಬದಲಾಗಲಿಲ್ಲ. ವಾಕ್ಯದ ಬಾಗಿಲಿನಿಂದ ಹಿತ್ತಿಲಿಗೆ ಸ್ಥಳ ಬದಲಾಯಿತು, ಅಷ್ಟೆ. ಬುದ್ಧಿವಂತನೊಬ್ಬ ದಡ್ಡನಾಗಿಹೋದ.

ಇಷ್ಟೆಲ್ಲ ನಿಯಮಗಳನ್ನು ತಿಳಿದ ಮೇಲೆ ಅವನ್ನು ಮೀರಿದ ಒಬ್ಬ ಕವಿಯನ್ನೂ ನೆನೆಯುವುದು ಉಚಿತ. ವೇಲ್ಸ್ ನಾಡಿನ ಡೈಲನ್ ಥಾಮಸ್ ತನ್ನ ತಂದೆಯ ಕೊನೆಗಾಲವನ್ನು ಎದುರಿಟ್ಟುಕೊಂಡು ಬರೆದ ಪ್ರಸಿದ್ಧ ಕವಿತೆ ೧೯೫೧ರಲ್ಲಿ ಪ್ರಕಟವಾಯಿತು. ಸಾವಿಗೆ ಸುಮ್ಮನೆ ಶರಣಾಗಬೇಡವೆಂದು ಮಗ ತಂದೆಯನ್ನು ಬೇಡುವ ಕವಿತೆ ಅದು. ಅದರ ಮೊದಲ ಸಾಲಿನಲ್ಲಿಯೇ, ಹೋಗುವುದೆಂಬ ಕ್ರಿಯಾಪದದ ಪಕ್ಕದಲ್ಲಿ, ಶಾಲಾ ವ್ಯಾಕರಣದ ಪ್ರಕಾರ ‘ಜೆಂಟ್‌ಲಿ’ ಎಂದಿರಬೇಕಾದ ಕಡೆ ಕವಿ ‘ಜೆಂಟಲ್’ ಎಂದಿದ್ದಾನೆ. ಆ ತಂದೆ ಸ್ವಾನ್ಸೀ ನಗರದ ಗ್ರಾಮರ್ ಸ್ಕೂಲಿನಲ್ಲಿ ಇಂಗ್ಲಿಷ್ ಅಧ್ಯಾಪಕನಾಗಿದ್ದವನು. ಇಂಗ್ಲಿಷ್ ಮೇಷ್ಟರ ಮಗ ತಂದೆಗಾಗಿ ಬರೆದ ಕವಿತೆಯ ಬಾಗಿಲಲ್ಲಿಯೇ ವ್ಯಾಕರಣದಲ್ಲಿ ಎಡವಿದನೆಂದು ನಂಬುವುದು ಕಷ್ಟ.

ಆ ಬಾಲವನ್ನು ಕಳಚಿದ್ದರಿಂದ ಆದದ್ದೇನು? ‘ಜೆಂಟ್‌ಲಿ’ ಎಂದಿದ್ದರೆ ಗುಣ ಹೋಗುವ ಕ್ರಿಯೆಗೆ ಸೇರುತ್ತಿತ್ತು: ಮೆಲ್ಲಗೆ ಹೋಗಬೇಡ, ಎಂದಷ್ಟೇ ಆಗುತ್ತಿತ್ತು. ‘ಜೆಂಟಲ್’ ಎಂದುದರಿಂದ ಗುಣ ಹೋಗುವವನನ್ನೇ ಬಂದು ಮುಟ್ಟುತ್ತದೆ: ಹೋಗುವಾಗ ನೀನು ಮೆತ್ತಗಿನವನಾಗಿಬಿಡಬೇಡ. ಮಗನ ಕಾತರವೆಲ್ಲ ಇರುವುದು ಮರಣದ ರೀತಿಯ ಬಗ್ಗೆ ಅಲ್ಲ, ತಂದೆಯೆಂಬ ಮನುಷ್ಯನ ಬಗ್ಗೆ. ಈ ಸಾಲನ್ನು ಕನ್ನಡಕ್ಕೆ ತರಲು ಹೊರಟವರ ಮುಂದೆ ಎರಡು ದಾರಿಗಳಿವೆ: ‘ಸೌಮ್ಯವಾಗಿ’ ಎನ್ನಬಹುದು, ‘ಸೌಮ್ಯನಾಗಿ’ ಎನ್ನಬಹುದು. ಇಂಗ್ಲಿಷ್ ಕವಿ ನಿಯಮವನ್ನು ಮುರಿದು ಪಡೆದದ್ದನ್ನು ಕನ್ನಡದ ಅನುವಾದಕ ‘ವ’ಕಾರದ ಜಾಗದಲ್ಲಿ ‘ನ’ಕಾರವನ್ನಿಟ್ಟು, ಯಾವ ನಿಯಮವನ್ನೂ ಮುರಿಯದೆ ಪಡೆಯಬಹುದು. ಎರಡು ಭಾಷೆಗಳನ್ನು ಬಲ್ಲವರಿಗೆ ವ್ಯಾಕರಣ ಕೊಡುವ ಸಂತೋಷ ಇಂತಹುದು.

ನಮ್ಮ ಶಾಲೆಗಳಲ್ಲಿ ಈ ಪಾಠವನ್ನು ಬಾಲದಿಂದ ಆರಂಭಿಸುತ್ತಾರೆ: ‘ಲಿ’ ಇದ್ದರೆ ಇದು, ಇಲ್ಲದಿದ್ದರೆ ಅದು. ಆ ದಾರಿ ಸುಲಭವಾಗಿ ಕಂಡರೂ ‘ಹಾರ್ಡ್‌ಲಿ’ಯ ಹಳ್ಳಕ್ಕೆ ಇಳಿಸುತ್ತದೆ. ಮಕ್ಕಳಿಗೆ ಮೊದಲು ಕಲಿಸಬೇಕಾದದ್ದು ಒಂದು ಪ್ರಶ್ನೆ: ಈ ಗುಣ ಯಾರದು? ಮಾಡಿದವನದೋ, ಮಾಡಿದ ಕೆಲಸದ್ದೋ, ಕೆಲಸಕ್ಕೆ ಒಳಗಾದ ವಸ್ತುವಿನದೋ, ಅಥವಾ ಇದನ್ನೆಲ್ಲ ನೋಡಿ ಹೇಳುತ್ತಿರುವವನ ಅಭಿಪ್ರಾಯವೋ? ಈ ಪ್ರಶ್ನೆಗೆ ಉತ್ತರ ಹೊಳೆದ ಮೇಲೆ ಬಾಲ ಹಚ್ಚುವುದೂ ಬಿಡುವುದೂ ಚಿಕ್ಕ ಕೆಲಸ. ಕನ್ನಡದ ಮಗುವಿಗಂತೂ ಉತ್ತರ ತಾಯಿನುಡಿಯಲ್ಲಿ ಮೊದಲೇ ಗೊತ್ತಿರುತ್ತದೆ. ‘ಆದ’ ಎಲ್ಲಿ, ‘ಆಗಿ’ ಎಲ್ಲಿ, ‘ಆಗಿ’ಯ ಹಿಂದೆ ‘ನ’ಕಾರ ಎಲ್ಲಿ ಎಂದು ಅದರ ಕಿವಿ ಬಲ್ಲದು. ಆ ಕಿವಿಯನ್ನು ಬಾಗಿಲ ಹೊರಗೆ ಬಿಟ್ಟು ಇಂಗ್ಲಿಷ್ ತರಗತಿಗೆ ಬಾ ಎಂದು ನಾವು ಹೇಳದಿದ್ದರೆ ಸಾಕು.